ಟೋಪಿಯನ್ನು ತಪ್ಪಲೆ ಮಾಡಿದ ಅತ್ತೆಯೊಡನೆ ಹಾಲೆಂಡಿಗೆ

ಬಾಬುರಾಯನಕೊಪ್ಪಲು

ಪರದೇಶಕ್ಕೆ ಹೋಗಿಬಂದವರು ತಾವು ಯಾಕೆ ಹೋದೆವೆಂಬುದನ್ನು ಬಹಳ ಘನವಾಗಿ ಬರೆದುಕೊಳ್ಳುತ್ತಾರೆ. ನಾನು ಹೋದದ್ದು ಬಾಲಂಗೋಚಿಯಾಗಿ. ಕರೆ ಬಂದದ್ದು ನನ್ನ ಸೋದರತ್ತೆ ಪುಟ್ಟತಾಯಮ್ಮನಿಗೆ. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಬರುತ್ತದೆ ಎಂದು ಊರಿನಲ್ಲಿ ಒಂದು ನಂಬಿಕೆ ಇತ್ತು. ಪಾಂಡವಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ನಾನು ಆ ನಂಬಿಕೆಯನ್ನು ಕೆಡಿಸುವ ಕೆಲಸವನ್ನು ಎಂದೂ ಮಾಡಿರಲಿಲ್ಲ. ಇದು ಎಪ್ಪತ್ತರ ದಶಕ ಶುರುವಾದ ಕಾಲದ ಮಾತು.

ಅತ್ತೆ ಹುಟ್ಟಿದ್ದು ಕೆ.ಆರ್. ಪೇಟೆ ಕಡೆ, ಹೇಮಗಿರಿಯ ಹತ್ತಿರ. ಕೊಟ್ಟಿದ್ದು ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿಗೆ. ಅವಳ ಇಪ್ಪತ್ತೆರಡನೆಯ ವಯಸ್ಸಿಗೆ ಗಂಡ ತೀರಿಕೊಂಡ. ಆಮೇಲಿನ ಮೂವತ್ತು ವರ್ಷ ಎರಡು ಎಕರೆ ಗದ್ದೆ, ಎರಡು ಎಮ್ಮೆ, ಒಂದು ಸೂಜಿ ಇಟ್ಟುಕೊಂಡು ಯಾರ ಹಂಗಿಗೂ ಬೀಳದೆ ಬದುಕಿದಳು. ಕಸೂತಿಯೆಂದರೆ ಮಿಕ್ಕವರ ಮನೆಯಲ್ಲಿ ದಿಂಬಿನ ಮೇಲೆ ಎರಡು ಗಿಣಿ, ನಡುವೆ ‘ಗುಡ್ ನೈಟ್’. ಅತ್ತೆಯದು ಹಾಗಲ್ಲ. ಕ್ಯಾಲೆಂಡರಿನಲ್ಲಿ ಬರುತ್ತಿದ್ದ ಹೆಸರಾಂತ ಹಳೆಯ ಚಿತ್ರಗಳನ್ನು ಅವಳು ಬಟ್ಟೆಯ ಮೇಲೆ ಹೊಲಿಯುತ್ತಿದ್ದಳು, ಹೊಲಿಯುತ್ತಲೇ ತಿದ್ದುತ್ತಿದ್ದಳು. ಕಾಲಿಗೆ ಮುಳ್ಳು ಚುಚ್ಚಿತೆಂದು ತಿರುಗಿ ನಿಂತ ಋಷಿಕನ್ಯೆಗೆ ಹವಾಯಿ ಚಪ್ಪಲಿ ಹಾಕಿದ್ದಳು. ಕಮಲದ ಮೇಲೆ ನಿಂತಿದ್ದ ಲಕ್ಷ್ಮಿಯನ್ನು ಮಣೆ ಕೊಟ್ಟು ಕೂರಿಸಿದ್ದಳು.

“ಏನತ್ತೆ ಇದು? ಅಷ್ಟು ದೊಡ್ಡ ಚಿತ್ರಗಾರ ಬರೆದದ್ದನ್ನ ಕುಲಗೆಡಿಸ್ತೀಯಲ್ಲ!” ಎಂದು ನಾನು ರೇಗಿದರೆ, “ಬರ್ದೋನು ಗಂಡ್ಸು ಕಣ್ಲಾ. ನಿಂತಿರೋಳ ಕಾಲ್ನೋವು ಅವ್ನಿಗೇನ್ ಗೊತ್ತು?” ಎನ್ನುತ್ತಿದ್ದಳು. ನಾನು ಚಿತ್ರಕಲೆಯಲ್ಲಿ ಡಿಪ್ಲೊಮಾ ಮಾಡಿದವನು. ಇಂಥ ಮಾತಿಗೆ ಉತ್ತರ ಕೊಡುವುದನ್ನು ಅಲ್ಲಿ ಕಲಿಸಿರಲಿಲ್ಲ.

ದರಿಯಾ ದೌಲತ್ತಿನ ಗೋಡೆಯ ಚಿತ್ರ ನೋಡಲು ಬಂದಿದ್ದ ಮಾರಿಯ ಎಂಬ ಹಾಲೆಂಡಿನ ಹೆಂಗಸಿನ ಕಾರು ಪಂಕ್ಚರಾಗಿ ನಿಂತದ್ದು ಅತ್ತೆಯ ಜಗುಲಿಯ ಮುಂದೆ. ನೀರು ಕೇಳಲು ಒಳಗೆ ಬಂದಾಕೆ, ಚಪ್ಪಲಿ ಹಾಕಿದ ಋಷಿಕನ್ಯೆಯನ್ನು ಕಂಡು ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಟೈರು ಸರಿಹೋದ ಮೇಲೂ ಏಳಲಿಲ್ಲ. ಹದಿನೈದು ದಿನ ಶ್ರೀರಂಗಪಟ್ಟಣದಲ್ಲೇ ಉಳಿದು, ದಿನಾ ಬಂದು, ಹತ್ತಿಪ್ಪತ್ತು ಕನ್ನಡ ಮಾತನ್ನೂ ಕಲಿತಳು. ಅತ್ತೆಯ ಬಾಯಲ್ಲಿ ಆಕೆ ‘ಮಾರಮ್ಮ’ ಆದಳು. ನಮ್ಮಲ್ಲಿ ಅದು ಊರದೇವತೆಯ ಹೆಸರು. ಅದಕ್ಕೇ ಅತ್ತೆ ಆಕೆಯನ್ನು ಎದ್ದು ನಿಂತೇ ಮಾತನಾಡಿಸುತ್ತಿದ್ದಳು.

ಮಾರಿಯಳ ಊರಿನ ಚಿತ್ರಶಾಲೆಯಲ್ಲಿ ಮುನ್ನೂರು ವರ್ಷದ ಹಳೆಯ ಚಿತ್ರಗಳಿದ್ದವು. ಅವನ್ನು ಬೇರೆ ಬೇರೆ ದೇಶದ ಹೆಂಗಸರಿಂದ ಸೂಜಿದಾರದಲ್ಲಿ ಹೊಸದಾಗಿ ಮಾಡಿಸಿ, ಹಳೆಯದರ ಪಕ್ಕದಲ್ಲೇ ತೂಗುಹಾಕಬೇಕೆಂದು ಆಕೆಯ ಮನಸ್ಸು. ಅತ್ತೆಯ ಪಾಲಿನ ಚಿತ್ರದ ಅಚ್ಚುಪ್ರತಿ ಅಂಚೆಯಲ್ಲಿ ಬಂತು. ಕಪ್ಪು ಉಡುಪು ತೊಟ್ಟು, ತಲೆಗೆ ಬಿಳಿ ಕುಲಾವಿ ಕಟ್ಟಿಕೊಂಡು, ಮಡಿಲಲ್ಲಿ ಕೈ ಜೋಡಿಸಿ ಕೂತ ಒಬ್ಬ ಹೆಂಗಸು. ಅಚ್ಚು ಮಸಿ ಬಳಿದ ಹಾಗಿತ್ತು. ಮೂಲೆಯ ಮೇಜಿನ ಮೇಲೆ ಎಂಥದೋ ಎರಡು ಸಾಮಾನು.

ಅತ್ತೆ ಎಂಟು ತಿಂಗಳು ಹೊಲಿದಳು. ಮುಗಿದ ದಿನ ಪಾಂಡವಪುರದಿಂದ ಹೋಗಿ ನೋಡಿದೆ. ಮುಖ ಅದೇ ಮುಖ, ಈಗ ಮಾತಾಡುತ್ತಾಳೆ ಅನ್ನಿಸಬೇಕು, ಅಂಥ ಕೆಲಸ. ಆದರೆ ಹಣೆಯಲ್ಲಿ ಕಾಸಗಲ ಕುಂಕುಮ! ಎರಡು ಕೈಗೂ ಹಸಿರು ಬಳೆ, ಕುಲಾವಿಯ ಕೆಳಗೆ ಒಂದು ಮೊಳ ಮಲ್ಲಿಗೆ. ಮೇಜಿನ ಮೇಲೆ ತೊಳೆದು ಬೋರಲು ಹಾಕಿದ ಹಿತ್ತಾಳೆ ತಪ್ಪಲೆ, ಅದರ ಪಕ್ಕ ಉರಿಯುವ ದೀಪ.

“ಕುಂಕುಮ ಬಿಚ್ಚು ಅತ್ತೆ. ಅವರಲ್ಲಿ ಇಟ್ಟುಕೊಳ್ಳಲ್ಲ. ನಗ್ತಾರೆ” ಎಂದೆ.

“ನಮ್ಮನೆಗೆ ಬಂದಿರೋ ಎಣ್ಣು ಕಣ್ಲಾ. ಎಂಟು ತಿಂಗ್ಳು ನನ್ ತೊಡೆ ಮ್ಯಾಲೆ ಮಲ್ಗವ್ಳೆ. ಬರೀ ಅಣೇಲಿ ಕಳುಸ್ತಾರಾ?”

ಪ್ರದರ್ಶನಕ್ಕೆ ಬರಬೇಕೆಂದು ಮಾರಿಯ ನಮ್ಮಿಬ್ಬರಿಗೂ ಟಿಕೀಟು ಕಳಿಸಿದಳು. ಆದರೆ ಪ್ರದರ್ಶನ, ಹೆಸರು, ವಿಮಾನ ಯಾವುದೂ ಅತ್ತೆಗೆ ಬೇಕಿರಲಿಲ್ಲ. ಅವಳ ಆಸೆ ಒಂದೇ. ಆ ಹೆಂಗಸಿನ ಅಸಲು ಚಿತ್ರದ ಎದುರು ನಿಲ್ಲಬೇಕು, ತಾನು ಮಾಡಿದ ಸಿಂಗಾರ ಅವಳಿಗೆ ಒಪ್ಪಿತೋ ಇಲ್ಲವೋ ತಿಳಿದುಕೊಳ್ಳಬೇಕು. ಚಿತ್ರ ಮಾತಾಡುವುದಿಲ್ಲ ಎಂದು ನಾನು ಹೇಳಿದ್ದನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಬೊಂಬಾಯಿ

ವಿಮಾನ ಹತ್ತುವ ಮೊದಲು ಒಬ್ಬ ಸಾಹೇಬರು ನಮ್ಮ ಸಾಮಾನು ಬಿಚ್ಚಿಸಿದರು. ಹುರಿಹಿಟ್ಟಿನ ಗಂಟಿಗೆ ಬೆರಳು ಹಾಕಿ, ಮೂಸಿ, ಸೀನಿ, ಅದನ್ನು ಬಿಟ್ಟರು. ಅತ್ತೆ ಎದೆಗವಚಿಕೊಂಡಿದ್ದ ಹಳೇ ಸೀರೆಯ ಸುರುಳಿಯನ್ನು ತೋರಿಸಿ ಒಳಗೇನೆಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ ‘ಲೇಡಿ’ ಎಂದುಬಿಟ್ಟೆ. ಹೆಂಗಸಿನ ಚಿತ್ರ ಎನ್ನಬೇಕಿತ್ತು, ಗಾಬರಿಯಲ್ಲಿ ಚಿತ್ರ ಬಿಟ್ಟುಹೋಯಿತು.

ಸಾಹೇಬರ ಹುಬ್ಬು ಮೇಲೇರಿತು. ಬೊಂಬಾಯಿಯವರಾದರೂ ಮಂಗಳೂರಿನ ಕಡೆಯವರಿರಬೇಕು, ಕನ್ನಡದಲ್ಲೇ ಅತ್ತೆಯನ್ನು ಕೇಳಿದರು: “ಒಳಗೆ ಏನುಂಟಮ್ಮಾ?”

“ಎಣ್ಣು ಕಣಪ್ಪಾ. ನಮ್ಮನೇಲಿ ಎಂಟು ತಿಂಗ್ಳಿದ್ಲು. ಅವ್ರ ಊರ್ಗೆ ಬುಟ್ಬುಟ್ ಬರಾನ ಅಂತ ಓಯ್ತಾ ಇವ್ನಿ.”

ಸುರುಳಿ ಬಿಚ್ಚಲೇಬೇಕಾಯಿತು. ಮೂವರು ಸಾಹೇಬರು ಸೇರಿದರು. ಒಬ್ಬರು ತಪ್ಪಲೆ ನೋಡಿ ಇದು ನಮ್ಮ ಅಜ್ಜಿಯ ಮನೆಯದೇ ಎಂದರು. ಇನ್ನೊಬ್ಬರು ಮಲ್ಲಿಗೆ ದಂಡೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಕೈ ಮೂಸಿಕೊಂಡರು. ಆಮೇಲೆ ತಮಗೇ ನಾಚಿಕೆಯಾಗಿ ಪಾಸುಪೋರ್ಟಿಗೆ ಧಡಾರನೆ ಮುದ್ರೆ ಒತ್ತಿದರು.

ಹಾಲೆಂಡು, ಮೊದಲ ದಿನ

ಮಾರಿಯಳ ಊರಿನ ಹೆಸರನ್ನು ಬರೆಯೋಣವೆಂದರೆ ಕನ್ನಡದ ಅಕ್ಷರ ಸಾಲದು. ಗಂಟಲಲ್ಲಿ ಅಡಕೆಚೂರು ಸಿಕ್ಕಿಕೊಂಡವರು ಕ್ಯಾಕರಿಸುವಂಥ ಶಬ್ದ ಅದರಲ್ಲಿ ಎರಡು ಕಡೆ ಬರುತ್ತದೆ. ಹಾಗಾಗಿ ಊರು ಎಂದೇ ಕರೆಯುತ್ತೇನೆ.

ಊರಿನ ಬೀದಿಗಳಿಗಿಂತ ನಾಲೆಗಳೇ ಹೆಚ್ಚು. ಅತ್ತೆಗೆ ಬಲು ಖುಷಿ. ನಮ್ಮ ಬಂಗಾರದೊಡ್ಡಿ ನಾಲೆಯಂಥದು ಮನೆಗೊಂದು ಹರಿದ ಹಾಗಿತ್ತು, ಆದರೆ ಹರಿಯುತ್ತಿರಲಿಲ್ಲ, ಸುಮ್ಮನೆ ನಿಂತಿತ್ತು. ಈ ನೆಲ ಸಮುದ್ರಕ್ಕಿಂತ ತಗ್ಗಿನಲ್ಲಿದೆ, ಕಟ್ಟೆ ಹಾಕಿ ಸಮುದ್ರವನ್ನು ತಡೆದಿದ್ದೇವೆ ಎಂದು ಮಾರಿಯ ಹೆಮ್ಮೆಯಿಂದ ಹೇಳಿದಳು. ನಾನು ಅದನ್ನು ಕನ್ನಡಕ್ಕೆ ತಂದೆ. ಅತ್ತೆ ನಡೆಯುತ್ತಿದ್ದವಳು ನಿಂತಳು.

“ಸಮುದ್ರ ಮ್ಯಾಲದೆ, ನಾವ್ ಕೆಳುಗವ್ವಿ ಅಂತೀಯಾ?”

“ಹೂಂ ಅತ್ತೆ.”

“ತೂಬು ಯಾರ ಕೈಲದೆ?”

ಈ ಪ್ರಶ್ನೆ ಮಾರಿಯಳಿಗೆ ಅರ್ಥವಾಗಲಿಲ್ಲ. ನಾಲೆಯ ಕೊನೆಯಲ್ಲಿ ಗದ್ದೆ ಇದ್ದು, ನೀರು ಬಿಡುವ ನೀರುಗಂಟಿಯ ಮರ್ಜಿಗೆ ಮೂವತ್ತು ವರ್ಷ ಕಾದವಳಿಗೆ ಮಾತ್ರ ಹುಟ್ಟುವ ಪ್ರಶ್ನೆ ಅದು. ಒಬ್ಬ ನೀರುಗಂಟಿಯಲ್ಲ, ದೊಡ್ಡ ಕಚೇರಿಯೇ ಇದೆ ಎಂದು ತಿಳಿದ ಮೇಲೂ ಅತ್ತೆಗೆ ನೆಮ್ಮದಿಯಾಗಲಿಲ್ಲ. “ಕಚೇರಿಯೋರು ಎಲ್ಲಾ ಕಡೆ ಒಂದೇ. ನೀನು ಮೂಟೆ ಬಿಚ್ಬ್ಯಾಡ” ಎಂದಳು.

ಮನೆಯಲ್ಲಿ ಕಾಫಿ ಬಂತು. ಜೊತೆಗೆ ಮಾರಿಯ ಒಂದು ಚಂದದ ತಗಡಿನ ಡಬ್ಬಿ ತೆರೆದು ಮುಂದಿಟ್ಟಳು. ನಾವು ಒಂದೊಂದು ಬಿಸ್ಕತ್ತು ತೆಗೆದುಕೊಂಡೆವು. ಟಪ್ ಎಂದು ಡಬ್ಬಿ ಮುಚ್ಚಿತು, ಎದ್ದು ಹೋಗಿ ಬೀರುವಿನೊಳಗೆ ಕೂತಿತು. ಅತ್ತೆ ನನ್ನನ್ನು ನೋಡಿದಳು. ನಮ್ಮ ಕಡೆ ಬೇಡ ಬೇಡ ಎಂದವರ ಎಲೆಗೂ ಮೂರು ಸಲ ಬಡಿಸುತ್ತಾರೆ. ಮಂಡ್ಯ ಜಿಲ್ಲೆಯಲ್ಲಿ ಡಬ್ಬಿ ಮುಚ್ಚಿದ ಸದ್ದು ಅತಿಥಿಯ ಕಿವಿಗೆ ಬಿದ್ದರೆ ಎರಡು ಮನೆಗೆ ಮಾತು ನಿಲ್ಲುತ್ತದೆ.

“ಮುಚ್ಚೇಬುಟ್ಲಲ್ಲಾ!” ಎಂದಳು ಅತ್ತೆ, ಸಿಟ್ಟಿಲ್ಲದೆ, ಬರೀ ಬೆರಗಿನಲ್ಲಿ.

ಆಮೇಲೆ ನೋಡಿದರೆ ಅದು ಜಿಪುಣತನವಲ್ಲ, ಅಲ್ಲಿಯ ಕಟ್ಟಳೆ. ಒಂದು ಕಪ್ಪಿಗೆ ಒಂದು ಬಿಸ್ಕತ್ತು. ಅದೇ ಮಾರಿಯ ತನ್ನ ಹಾಸಿಗೆಯನ್ನು ಅತ್ತೆಗೆ ಬಿಟ್ಟುಕೊಟ್ಟು ತಾನು ನೆಲದ ಮೇಲೆ ಮಲಗಿದಳು.

ಎರಡನೆಯ ದಿನ

ಆ ಊರಿನವರು ಬೀದಿ ಕಡೆಗೆ ಗೋಡೆಯಷ್ಟು ದೊಡ್ಡ ಗಾಜಿನ ಕಿಟಕಿ ಇಟ್ಟು, ಪರದೆ ಹಾಕದೆ, ಒಳಗೆ ಊಟ ಮಾಡುತ್ತ ಕೂತಿರುತ್ತಾರೆ. ಬೀದಿಯಲ್ಲಿ ಹೋಗುವವರು ನೋಡದ ಹಾಗೆ ಹೋಗಬೇಕು, ಅದು ಮರ್ಯಾದೆ. ಇದನ್ನು ನಮಗೆ ಯಾರೂ ಮೊದಲೇ ಹೇಳಲಿಲ್ಲ. ಅತ್ತೆ ಒಂದೊಂದು ಕಿಟಕಿಯ ಮುಂದೂ ನಿಂತು, ಗಾಜಿಗೆ ಕೈ ಮರೆಮಾಡಿ ಒಳಗೆ ಇಣುಕಿ, “ಏನವ್ವಾ, ಊಟ ಆಯ್ತಾ?” ಎಂದು ಗಟ್ಟಿಯಾಗಿ ಕೇಳಿಕೊಂಡು ಬಂದಳು. ಒಳಗಿದ್ದವರ ಚಮಚಗಳು ಬಾಯಿಗೆ ಹೋಗುವ ದಾರಿಯಲ್ಲೇ ನಿಂತವು. ನಾನು ಹತ್ತು ಹೆಜ್ಜೆ ಹಿಂದೆ, ಇವಳಾರೋ ನಾನಾರೋ ಎಂಬಂತೆ ನಡೆದೆ. ಏಳನೆಯ ಮನೆಯ ಮುದುಕಿಯೊಬ್ಬಳು ಮಾತ್ರ ತಟ್ಟೆ ಎತ್ತಿ ತೋರಿಸಿದಳು. ಆಲೂಗಡ್ಡೆ.

“ನೋಡ್ದಾ, ಇವ್ಳು ನಮ್ಮೋಳು” ಎಂದಳು ಅತ್ತೆ.

ಸಂಜೆ ಸಂತೆಯಲ್ಲಿ ಗಾಡಿಚಕ್ರದಷ್ಟು ದೊಡ್ಡ ಚೀಸಿನ ಗಟ್ಟಿಗಳನ್ನು ಕಂಡೆವು. ಎರಡು ವರ್ಷ ಹಳೆಯದೆಂದು ಅಂಗಡಿಯವ ಜಂಬ ಕೊಚ್ಚಿದ. ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, “ಆಲು ಕೆಟ್ಟೋಯ್ತು ಅಂತ ಒಪ್ಕಳಕ್ಕೆ ಈ ಜನುಕ್ಕೆ ಎರ್ಡ್ ವರ್ಸ ಬೇಕಾಯ್ತದಲ್ಲಾ” ಎಂದಳು. ಬಹಳ ಚೆನ್ನಾಗಿದೆಯಂತೆ ಎಂದು ನಾನು ಅಂಗಡಿಯವನಿಗೆ ಹೇಳಿದೆ. ಇಂಥ ಅನುವಾದ ನನಗೆ ಅಷ್ಟರಲ್ಲಿ ಸಲೀಸಾಗಿತ್ತು.

ಮೂರನೆಯ ದಿನ, ಚಿತ್ರಶಾಲೆ

ಪ್ರದರ್ಶನಕ್ಕೆ ಇನ್ನೊಂದು ದಿನ ಬಾಕಿ. ಬಟ್ಟೆಯನ್ನು ಮರದ ಚೌಕಕ್ಕೆ ಬಿಗಿದು ಗೋಡೆಗೆ ಏರಿಸಿ ಆಗಿತ್ತು. ಅದರ ಎಡಕ್ಕೆ ಅಸಲು ಚಿತ್ರ. ಅತ್ತೆ ಸ್ನಾನ ಮಾಡಿ ಹೊಸ ಸೀರೆ ಉಟ್ಟು ಬಂದಿದ್ದಳು. ಚಿತ್ರದ ಮುಂದೆ ನಿಂತು ಮೊದಲು ಕೈ ಮುಗಿದಳು. ಆಮೇಲೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, ಗೊಳ್ಳನೆ ನಕ್ಕಳು.

“ಲೋ ಮರಿ! ಇದು ತಪ್ಪಲೆ ಅಲ್ಲ ಕಣ್ಲಾ! ಟೋಪಿ!”

ಹೌದು, ಟೋಪಿ. ಅಚ್ಚಿನ ಕತ್ತಲೆಯಲ್ಲಿ ತಪ್ಪಲೆಯ ಕಂಠದಂತೆ ಕಂಡದ್ದು ಗಂಡಸರ ಎತ್ತರದ ಕರಿ ಟೋಪಿಯ ಅಂಚು. ಪಕ್ಕದಲ್ಲಿದ್ದದ್ದು ಮೇಣದ ಬತ್ತಿ, ಆರಿಹೋಗಿ ಹೊಗೆಯ ಎಳೆಯೊಂದು ಮೇಲಕ್ಕೆ ಹೋಗುತ್ತಿತ್ತು. ಚಿತ್ರಶಾಲೆಯ ಯಜಮಾನರು, ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರದ ಮನುಷ್ಯ, ನನಗೆ ಸಮಾಧಾನವಾಗಿ ವಿವರಿಸಿದರು. ಈಕೆ ವಿಧವೆ. ಗಂಡ ಸತ್ತ ಮೇಲೆ ಬರೆಸಿದ ಚಿತ್ರ. ಅದು ಅವನ ಟೋಪಿ. ಆರಿದ ಬತ್ತಿ ಎಂದರೆ ಹೋದ ಜೀವ. ಈಕೆಯ ಹೆಸರು ಯಾರಿಗೂ ತಿಳಿಯದು.

ವಿಧವೆಗೆ ಕುಂಕುಮ, ಬಳೆ, ಹೂವು!

“ಏನಂತಾವ್ರೆ?” ಎಂದಳು ಅತ್ತೆ.

“ಟೋಪಿ ಅಂಗಡಿ ಇಟ್ಟಿದ್ದಳಂತೆ ಅತ್ತೆ. ದೊಡ್ಡ ವ್ಯಾಪಾರಸ್ಥೆ.”

“ದೀಪ ಯಾಕ್ಲಾ ಆರೋಗದೆ?”

“ಎಣ್ಣೆ ಮುಗಿದಿರಬೇಕು.”

“ಮೇಣದ್ ಬತ್ತಿಗೆ ಎಣ್ಣೆನಾ? ನಂಗೇ ಟೋಪಿ ಆಕ್ತೀಯೇನ್ಲಾ?” ಎಂದವಳೇ ಮಾರಿಯಳ ಕಡೆ ತಿರುಗಿದಳು. “ಮಾರಮ್ಮಾ, ನೀನು ಯೋಳವ್ವ.”

ಮಾರಿಯ ತನ್ನ ಹತ್ತಿಪ್ಪತ್ತು ಮಾತಿನ ಗಂಟನ್ನು ತಡಕಾಡಿದಳು. “ಗಂಡ... ಇಲ್ಲ” ಎಂದಳು. “ಟೋಪಿ ಇದೆ. ಗಂಡ ಇಲ್ಲ.”

ನಾನು ಬೆವರು ಸುರಿಸಿ ಮಾಡಿದ ಯಾವ ಅನುವಾದವೂ ಇಷ್ಟು ಚೆನ್ನಾಗಿರಲಿಲ್ಲ.

ಅತ್ತೆ ಹಿಂದೆ ಸರಿದು ಅಲ್ಲಿದ್ದ ಬೆಂಚಿನ ಮೇಲೆ ಕೂತಳು. ಮುಖದಲ್ಲಿ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ, ಕಣ್ಣಲ್ಲಿ ಮಾತ್ರ ನೀರು ಬಂದಿತ್ತು. “ಕತ್ರಿ ಕೊಡ್ಸ್ಲಾ. ಎಲ್ಲಾ ಬಿಚ್ಬುಡ್ತೀನಿ” ಎಂದಳು.

ಅತ್ತೆ ಏನು ಕೇಳುತ್ತಿದ್ದಾಳೆಂದು ಮಾರಿಯ ಕೇಳಿದಳು. ಕಾಫಿ ಎಂದೆ. ಕಾಫಿ ಬಂತು, ಬಿಸ್ಕತ್ತೂ ಬಂತು. ಅತ್ತೆ ಮತ್ತೆ ಕತ್ತರಿ ಎಂದಳು. ಮತ್ತೆ ಕಾಫಿ ಎಂದೆ. ಮೂರನೆಯ ಸಲವೂ ಅಷ್ಟೇ. ಅರ್ಧ ಗಂಟೆಯಲ್ಲಿ ಚಿತ್ರಶಾಲೆಯ ಬಿಸ್ಕತ್ತಿನ ಡಬ್ಬಿ, ಕಟ್ಟಳೆ ಮೀರದೆಯೇ, ಮೂರು ಸಲ ತೆರೆಯಿತು. ಅತ್ತೆಯ ಮುಂದೆ ಮೂರು ಕಪ್ಪು, ಮೂರು ಬಿಸ್ಕತ್ತು ಸಾಲಾಗಿ ಕೂತವು. ಅವಳು ಒಂದನ್ನೂ ಮುಟ್ಟಲಿಲ್ಲ.

ಅದೇ ದಿನ ಸಂಜೆ

ಆ ದೇಶದ ಬೇಸಗೆಯಲ್ಲಿ ಸೂರ್ಯ ಮುಳುಗುವುದನ್ನೇ ಮರೆತಿರುತ್ತಾನೆ. ಊಟ ಮುಗಿದರೂ ಬಿಸಿಲು. ಮಾರಿಯಳ ಹಿತ್ತಲಿನಲ್ಲಿ ಅತ್ತೆ ತನ್ನ ಸೂಜಿಡಬ್ಬಿ ತೆರೆದು ಪುಟ್ಟ ಕತ್ತರಿಯನ್ನು ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು. ಊರಲ್ಲಿ ‘ಕುಂಕುಮ ಬಿಚ್ಚು’ ಎಂದು ಗೋಗರೆದವನು ನಾನು. 'ಬಿಚ್ಚಬೇಡ' ಎಂದು ಗೋಗರೆಯುವ ಸರದಿಯೂ ನನ್ನದೇ ಆಯಿತು.

“ನಾಳೆ ನೂರಾರು ಜನ ಬರ್ತಾರೆ ಅತ್ತೆ. ಎಂಟು ತಿಂಗಳ ಕೆಲಸ. ಅವಳು ವಿಧವೆ ಅಂತ ನಿನಗೇನು ಗೊತ್ತಿತ್ತು?”

“ಗೊತ್ತಿರ್ಲಿಲ್ಲ, ದಿಟ. ಈಗ ಗೊತ್ತಾಯ್ತಲ್ಲ. ನಂಗೆ ಯಾರಾರಾ ಕೇಳ್ದೆ ಬಳೆ ತೊಡ್ಸಿ, ಊವ ಮುಡ್ಸಿ, ನಾಕ್ ಜನದ್ ಮುಂದೆ ನಿಲ್ಸುದ್ರೆ ಎಂಗಾಯ್ತದೆ ಯೋಳು? ನಾಚ್ಕೆಲಿ ಸತ್ತೋಯ್ತೀನಿ.”

ಅತ್ತೆ ಸೆರಗಿನ ಗಂಟನ್ನು ಇನ್ನೊಂದು ಸಲ ಬಿಗಿದಳು. ಅವಳೇ ಮುಂದುವರಿದಳು.

“ಮೂವತ್ತು ವರ್ಸದಿಂದ ನಾನು ಯಾರ್ಗೂ ಕುಂಕ್ಮ ಇಕ್ಕಿಲ್ಲ ಕಣ್ಲಾ. ತಟ್ಟೆ ಬತ್ತದೆ ಅಂದ್ರೆ ನಾನೇ ಎದ್ದು ಒಳೀಕ್ ಓಗ್ಬುಡ್ತೀನಿ. ಯಾರೋ ಓಗು ಅನ್ನೋಗಂಟ ಯಾಕಿರಾನೆ? ಈ ಬಟ್ಟೆ ಮ್ಯಾಲೆ ಇಕ್ಕುದ್ರೆ ಯಾರ್ ಕೇಳಾರು ಅನ್ನುಸ್ತು. ಆಸೆ ಆಯ್ತು. ಇಕ್ಬುಟ್ಟೆ.”

ನನ್ನ ಮದುವೆ ನಾಗಮಂಗಲದಲ್ಲಿ ಆಯಿತು. ಹೆಂಗಸರಿಗೆ ಅರಿಶಿನ ಕುಂಕುಮ ಕೊಡುವ ಹೊತ್ತಿಗೆ ಅತ್ತೆ ಎಲ್ಲಿ ಎಂದು ನಾನೇ ಕೇಳಿದ್ದೆ. ಒಳಗೆ ಅಡುಗೆಯವರ ಹತ್ತಿರ ಇದ್ದಾಳೆ ಎಂದರು. ಅಡುಗೆಮನೆ ಕಂಡರೆ ಅತ್ತೆಗೆ ಪ್ರಾಣ ಎಂದು ನಾನು ನಗಾಡಿದ್ದೆ. ಇಷ್ಟು ವರ್ಷ ಹಾಗೆಯೇ ತಿಳಿದುಕೊಂಡಿದ್ದೆ. ಚಿತ್ರದಲ್ಲಿ ನೆರಳು ಎಲ್ಲಿ ಬೀಳುತ್ತದೆಂದು ಮಕ್ಕಳಿಗೆ ಹೇಳಿಕೊಟ್ಟು ಸಂಬಳ ತೆಗೆದುಕೊಳ್ಳುವವನು ನಾನು. ಆ ಹಿತ್ತಲಲ್ಲಿ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಏನಾದರೂ ಮಾಡಿ ಹೊತ್ತು ತಳ್ಳಬೇಕಿತ್ತು. “ನೀನೊಬ್ಬಳೇ ತೀರ್ಮಾನ ಮಾಡಿದರೆ ಹೇಗೆ ಅತ್ತೆ? ಅವಳನ್ನೂ ಒಂದು ಮಾತು ಕೇಳಬೇಡವಾ?” ಎಂದೆ. ಮಾತಿಗೆ ಅಂದದ್ದು.

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದಳು. “ಇಸ್ಟು ದಿನುಕ್ಕೆ ಒಂದ್ ಬುದ್ಧಿ ಮಾತಾಡ್ದೆ ನೋಡು” ಎಂದಳು.

ನಾಲ್ಕನೆಯ ದಿನ, ಬೆಳಗ್ಗೆ

ಅತ್ತೆ ಮಾರಿಯಳ ತೋಟದಿಂದ ಎರಡು ಕೆಂಪು ಹೂವಿನ ಎಸಳು ಕಿತ್ತು, ಒದ್ದೆ ಕರ್ಚೀಫಿನಲ್ಲಿ ಸುತ್ತಿ ತಂದಳು. ಯಾಕೆಂದು ಕೇಳಲು ನನಗೆ ತೋಚಲಿಲ್ಲ. ಚಿತ್ರಶಾಲೆಯಲ್ಲಿ ಇನ್ನೂ ಜನವಿರಲಿಲ್ಲ. ನಾನು ಮಾರಿಯಳ ಜೊತೆ ಎರಡು ಮಾತಾಡಿ ತಿರುಗುವಷ್ಟರಲ್ಲಿ, ಮುನ್ನೂರು ವರ್ಷದ ಆ ಚಿತ್ರದ ಚಿನ್ನದ ಬಣ್ಣದ ಚೌಕಟ್ಟಿನ ಮೇಲೆ, ಆ ಕಡೆ ಒಂದು, ಈ ಕಡೆ ಒಂದು, ಒದ್ದೆ ಎಸಳು ಅಂಟಿ ಕೂತಿದ್ದವು. ಅತ್ತೆ ಕೈ ಮುಗಿದು, ಕಣ್ಣು ಮುಚ್ಚಿ ನಿಂತಿದ್ದಳು.

ಹೂ ಕೇಳುತ್ತಿದ್ದಾಳೆ! ಕರಿಘಟ್ಟದ ಕಡೆಯವರು ಮದುವೆಗೆ, ಮನೆ ಕಟ್ಟುವುದಕ್ಕೆ ದೇವರ ಅಪ್ಪಣೆ ಕೇಳುವ ಹಾಗೆ. ಬಲಗಡೆಯ ಹೂ ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ.

“ತಂಗ್ಯವ್ವಾ, ನಾನು ತಿಳೀದೆ ಮಾಡ್ಬುಟ್ಟೆ” ಎನ್ನುತ್ತಿದ್ದಳು ಗಟ್ಟಿಯಾಗಿ. “ನಿಂಗೆ ಬ್ಯಾಡ್ದೆ ಇದ್ರೆ ಈಗ್ಲೇ ಬಿಚ್ತೀನಿ, ಕತ್ರಿ ತಂದಿವ್ನಿ. ಇರ್ಲಿ ಅನ್ನಂಗಿದ್ರೆ ಬಲಗಡೆ ಕೊಡು. ನಾಚ್ಕೋಬ್ಯಾಡ. ನಾನೂ ನಿನ್ನಂಗೇ ಇರೋಳು.”

ಕಾವಲುಗಾರ ಆಗ ಇದನ್ನು ನೋಡಿದ. ಅಷ್ಟು ದಪ್ಪ ಮನುಷ್ಯ ಅಷ್ಟು ಜೋರಾಗಿ ಓಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಏದುಸಿರು ಬಿಡುತ್ತ ಬಂದವನು, ಎರಡು ಬೆರಳಲ್ಲಿ ಹಾವಿನ ಮರಿಯನ್ನು ಹಿಡಿದಂತೆ ಒಂದು ಎಸಳನ್ನು ಎತ್ತಿದ. ನಮ್ಮ ಎಡಗಡೆಯದು.

ಮುಗಿಯಿತು, ಇನ್ನು ಕತ್ತರಿ. ಅತ್ತೆಯಾದರೋ ಎರಡು ಕೆನ್ನೆಗೂ ಪಟಪಟನೆ ಹೊಡೆದುಕೊಂಡು, “ಕೊಟ್ಬುಟ್ಲು! ಬಲಗಡೆನೇ ಕೊಟ್ಬುಟ್ಲು!” ಎಂದಳು.

“ಎಡಗಡೆಯದಲ್ವಾ ಅತ್ತೆ?”

“ಕೊಡೋರ ಬಲ ನೋಡ್ಬೇಕು ಕಣ್ಲಾ, ನಿನ್ ಬಲ ಅಲ್ಲ. ಅವ್ಳು ನಮ್ ಕಡೀಕ್ ಮಕ ಮಾಡ್ಕಂಡ್ ಕುಂತವ್ಳೆ.”

“ಆದರೆ ಅದು ತಾನಾಗಿ ಬೀಳಲಿಲ್ಲವಲ್ಲ, ಇವನು ತೆಗೆದ!”

“ನಮ್ಮೂರ್ನಲ್ಲಿ ಗಾಳಿ ಬೀಳುಸ್ತದೆ. ಇಲ್ಲಿ ಒಂದ್ ಕಿಟ್ಕಿನೂ ತಗ್ಯಾಕಿಲ್ಲ. ಪಾಪ, ಅವಮ್ಮ ಇನ್ನೇನ್ ಮಾಡಾಳು? ಕೈಗ್ ಸಿಕ್ಕಿದ್ ಗಂಡ್ಸ ಕಳ್ಸವ್ಳೆ.”

ಅಷ್ಟರಲ್ಲಿ ಯಜಮಾನರು ಬಂದರು. ಮುಖ ಸುಣ್ಣದ ಗೋಡೆ. ಇದೇನೆಂದು ನನ್ನನ್ನು ಕೇಳಿದರು. ನನಗೂ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ಅತ್ತೆ ಅಪ್ಪಣೆ ಕೇಳಿದಳು ಎಂದೆ. ಯಾರ ಅಪ್ಪಣೆ ಎಂದರು. ಚಿತ್ರದಲ್ಲಿರುವ ಅಮ್ಮನದು ಎಂದೆ.

ಅವರು ಚೌಕಟ್ಟನ್ನು ತಡವಿ ನೋಡಿ, ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಕನ್ನಡಕ ಒರೆಸಿಕೊಂಡರು. ಆಮೇಲೆ ಬಹಳ ಗಂಭೀರವಾಗಿ ಕೇಳಿದರು: “ಆಕೆ ಏನೆಂದಳು?”

“ಒಪ್ಪಿದಳಂತೆ.”

“ಒಳ್ಳೆಯದಾಯಿತು” ಎಂದರು ಯಜಮಾನರು. “ನಾವು ಯಾರೂ ಇದುವರೆಗೆ ಕೇಳಿರಲಿಲ್ಲ.”

ಅವರು ತಮಾಷೆ ಮಾಡಿದರೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಆ ಜನದ ಮುಖ ನೋಡಿ ಏನೂ ಹೇಳಲಾಗುವುದಿಲ್ಲ.

ಅದೇ ದಿನ ಮಧ್ಯಾಹ್ನ

ಜನ ಬಂದರು. ಕತ್ತರಿ ಸೆರಗಿನ ಗಂಟಿನಲ್ಲೇ ಉಳಿಯಿತು. ಕುಂಕುಮವನ್ನು ಗುಂಡೇಟಿನ ಗಾಯವೆಂದು ಒಬ್ಬರು, ಮೂರನೆಯ ಕಣ್ಣೆಂದು ಇನ್ನೊಬ್ಬರು ನನಗೇ ಪಾಠ ಹೇಳಿದರು. ಗಡ್ಡದವನೊಬ್ಬ ತಪ್ಪಲೆಯನ್ನು ಗುಡಿಯ ಗಂಟೆಯೆಂದು ವಾದಿಸಿದ. ಎಲ್ಲರ ಬಾಯಲ್ಲೂ ಮತ್ತೆ ಮತ್ತೆ ಬಂದ ಪದ ಒಂದೇ. ಅತ್ತೆ ನನ್ನ ತೋಳು ಜಗ್ಗಿದಳು.

“ಅದೇನ್ಲಾ ಎಲ್ರೂ ‘ವಿಡೋ, ವಿಡೋ’ ಅಂತಾವ್ರೆ?”

“ಗಂಡ ಇಲ್ಲದವಳು ಅಂತ ಅತ್ತೆ.”

“ಮುನ್ನೂರು ವರ್ಸ ಆದ್ರೂ ಅದ್ನೇ ಅಂತಾವ್ರಾ? ಎಸ್ರಿಲ್ವಾ ಅವ್ಳಿಗೆ?”

“ಯಾರಿಗೂ ಗೊತ್ತಿಲ್ಲವಂತೆ.”

ಬಾಗಿಲ ಬಳಿ ಒಬ್ಬ ಹುಡುಗಿ ಟೈಪ್‌ರೈಟರ್ ಇಟ್ಟುಕೊಂಡು ಚಿತ್ರಗಳ ಕೆಳಗೆ ಅಂಟಿಸುವ ಚೀಟಿ ಟೈಪು ಮಾಡುತ್ತಿದ್ದಳು. ನಮ್ಮದೊಂದೇ ಬಾಕಿ ಇತ್ತು. ಮೇಲಿನ ಸಾಲಿನಲ್ಲಿ ಚಿತ್ರದಲ್ಲಿರುವವರು, ಕೆಳಗಿನ ಸಾಲಿನಲ್ಲಿ ಹೊಲಿದವರು. ಮೇಲೆ ‘ವಿಧವೆ’ ಎಂದೇ ಹಾಕಲೇ ಎಂದು ಹುಡುಗಿ ಕೇಳಿದಳು. ನಾನು ಅತ್ತೆಗೆ ಹೇಳಿದೆ. ಅನುವಾದದಲ್ಲಿ ಒಂದಕ್ಷರವೂ ಆಚೀಚೆ ಮಾಡಲಿಲ್ಲ.

“ಅದೊಂದ್ ಬ್ಯಾಡ” ಎಂದಳು ಅತ್ತೆ. “ಎಸ್ರು ಗೊತ್ತಿಲ್ದಿದ್ರೆ ನನ್ ಎಸ್ರು ಕೊಟ್ಟಿವ್ನಿ, ಬರ್ಕಳವ್ವಾ ಅನ್ನು.”

ನಾನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಪುಟ್ಟತಾಯಮ್ಮ ಎಂಬುದು ಇಂಗ್ಲಿಷಿನಲ್ಲಿ ಸಣ್ಣ ಹೆಸರಲ್ಲ, ಹುಡುಗಿ ಎರಡು ಚೀಟಿ ಕೆಡಿಸಿದಳು. ಮೂರನೆಯದರಲ್ಲಿ ಮೇಲಿನ ಸಾಲು ಮುಗಿಸಿ, ಹೊಲಿದವರು ಯಾರು ಎಂದಳು. ಹೇಳಿದೆ. ಅವಳ ಬೆರಳು ನಿಂತಿತು. ಎರಡು ಕಡೆಯೂ ಒಂದೇ ಹೆಸರು, ತಪ್ಪಾಗಿರಬೇಕು ಎಂದಳು.

“ತಪ್ಪಾಗಿಲ್ಲ” ಎಂದೆ.

ಚೀಟಿ ಗೋಡೆಗೇರಿತು. ಅತ್ತೆಗೆ ಇಂಗ್ಲಿಷ್ ಓದಲು ಬಾರದು. ಹತ್ತಿರ ಹೋಗಿ ಮೇಲಿನ ಸಾಲಿನ ಮೇಲೆ ಬೆರಳಾಡಿಸಿದಳು, ಆಮೇಲೆ ಕೆಳಗಿನ ಸಾಲಿನ ಮೇಲೆ.

“ಎರ್ಡೂ ಒಂದೇ ಥರ ಅವೆ, ಅಲ್ವೇನ್ಲಾ?”

“ಎರಡೂ ನೀನೇ ಅತ್ತೆ” ಎಂದೆ.